ಅಳಿಯಂದಿರು ಬಣ್ಣ ಬದಲಿಸಿದ್ದು

ಗಂಡಸರನ್ನು ಬಣ್ಣ ತರಲು ಕಳಿಸಬಾರದು. ಚಳ್ಳಕೆರೆಯಲ್ಲಿ ರವಿಕೆ ಹೊಲಿಯುತ್ತಲೇ ತಲೆ ನರೆಸಿಕೊಂಡ ನಾನು, ತೋಟಪ್ಪ ಟೈಲರ್, ಈ ಮಾತನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಹೆಂಡತಿಯ ಸೀರೆ ಅಂಚಿಗೆ ಹೊಂದುವ ಬಟ್ಟೆ ತರಲು ಹೋದ ಗಂಡಸು ಆ ಬಣ್ಣವನ್ನು ಅಂಗಡಿಯಲ್ಲೇ ಬಿಟ್ಟು, ಅದರ ದೊಡ್ಡಪ್ಪನ ಮಗನನ್ನು ಕರೆದುಕೊಂಡು ಬರುತ್ತಾನೆ. ಕೇಳಿದರೆ ಎರಡೂ ಒಂದೇ ಅಲ್ಲವೇ ಎನ್ನುತ್ತಾನೆ.

ನನ್ನ ಪಕ್ಕದ ಅಂಗಡಿಯ ಮುರುಗೇಶ ಈ ವಿಷಯದಲ್ಲಿ ಉಳಿದ ಗಂಡಸರಿಗೆಲ್ಲ ಗುರುಸ್ಥಾನದಲ್ಲಿದ್ದಾನೆ. ಅವನದು ಕಡಲೆಕಾಯಿ ಎಣ್ಣೆ ಮತ್ತು ಹಿಂಡಿಯ ವ್ಯಾಪಾರ. ಮದುವೆಯಾದಾಗಿನಿಂದ ಪ್ರತಿ ಯುಗಾದಿಗೂ ಹೆಂಡತಿ ಗಂಗಾಂಬಿಕಾಗೆ ಸೀರೆ ತಂದಿದ್ದಾನೆ, ಒಮ್ಮೆಯೂ ಆಕೆ ಕೇಳಿದ ಬಣ್ಣದ್ದನ್ನು ತಂದಿಲ್ಲ. ಹಾಗೆಂದು ಜಿಪುಣನಲ್ಲ, ಪ್ರೀತಿಯಿಲ್ಲದವನೂ ಅಲ್ಲ. ಅವನ ರೋಗವೇ ಬೇರೆ. ಯಾರು ಏನು ಹೇಳಿದರೂ ಅವನಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಒಂದು ವರ್ಷ ಆಕೆ ಮೋಡದ ಬಣ್ಣ ಕೇಳಿದ್ದಳು. ಇವನು ಮೋಡದ ಬಣ್ಣವನ್ನೇ ಆರಿಸಿ ಬಿಲ್ ಮಾಡಿಸುವಾಗ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮನುಷ್ಯನೊಬ್ಬ ಅರಿಶಿನವೇ ಲಕ್ಷಣ ಎಂದನಂತೆ. ಪಾಪ, ಅಷ್ಟು ಹೇಳಿದ ಮೇಲೆ ಬೇಜಾರು ಮಾಡುವುದು ಹೇಗೆಂದು ಇವನು ಅರಿಶಿನದ ಸೀರೆ ತಂದ. ಗಂಗಾಂಬಿಕಾ ಎಂದಿನಂತೆ ಚೆನ್ನಾಗಿದೆ ಎಂದು ಹೇಳಿ, ಮಡಿಸಿ ಟ್ರಂಕಿಗೆ ಇಟ್ಟಳು. ಆ ಟ್ರಂಕಿನಲ್ಲಿ ಊರಿನ ಎಲ್ಲರ ಇಷ್ಟದ ಸೀರೆಗಳೂ ಇದ್ದವು, ಆಕೆಯದೊಂದು ಮಾತ್ರ ಇರಲಿಲ್ಲ.

ಹೀಗಿದ್ದ ಮನುಷ್ಯ ಎರಡು ವರ್ಷದ ಹಿಂದೆ ಡಿಸೈನರ್ ಆದ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವೆಬ್‌ಸೈಟ್ ಕಟ್ಟುವುದನ್ನು ಕಲಿತು, ಎಣ್ಣೆ ಅಂಗಡಿಯ ಬೋರ್ಡಿನ ಕೆಳಗೆ ‘ಇಲ್ಲಿ ವೆಬ್ ಡಿಸೈನ್ ಮಾಡಿಕೊಡಲಾಗುವುದು’ ಎಂದು ಬರೆಸಿದ. ಬೋರ್ಡು ಓದಿದ ಒಬ್ಬ ಅಜ್ಜ, ಅದು ಗಾಣದ್ದೋ ಮಿಲ್ಲಿನದೋ ಎಂದು ವಿಚಾರಿಸಿದ್ದು ಬಿಟ್ಟರೆ ಬೇರೆ ಯಾರೂ ಆ ಬಗ್ಗೆ ಕೇಳಲಿಲ್ಲ. ಕೊನೆಗೆ ಸಿಕ್ಕ ಒಬ್ಬನೇ ಗಿರಾಕಿ ಎಂದರೆ ಅವನ ಮಾವ, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಜಂಬುಲಿಂಗಪ್ಪನವರು. ಅಳಿಯ ಕೇಳಿದ ಮೇಲೆ ಮಾವನಾದವನು ಇಲ್ಲ ಎನ್ನುವ ಹಾಗಿಲ್ಲ. ಹೆಣ್ಣು ಕೊಟ್ಟ ಮನೆಯವರು ವೆಬ್‌ಸೈಟನ್ನೂ ಮಾಡಿಸಿಕೊಳ್ಳಬೇಕಾಯಿತು.

ಕಥೆ ಶುರುವಾದದ್ದು ಹೋದ ವರ್ಷದ ಯುಗಾದಿ ಕಳೆದ ಮೇಲೆ. ಜಂಬುಲಿಂಗಪ್ಪನವರು ಮೊಳಕಾಲ್ಮೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ದಿನ ಮನೆಮಗಳು ಗಂಗಾಂಬಿಕಾಗೆ ಮಡಲಕ್ಕಿ ಹಾಕುವುದೆಂದು ಗೊತ್ತಾಯಿತು. ತವರಿನವರು ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಹರಸುವ ಶಾಸ್ತ್ರ. ಬಂಧುಬಳಗವೆಲ್ಲ ಸುತ್ತ ನಿಂತು ನೋಡುತ್ತದೆ, ಮುಖ್ಯವಾಗಿ ಸೆರಗನ್ನು ನೋಡುತ್ತದೆ. ಆವತ್ತಿಗೆ ಉಡಲು ಮೊಳಕಾಲ್ಮೂರಿನ ಮಗ್ಗದಲ್ಲಿ ನೇಯಿಸಿದ ಸೀರೆಯೊಂದು ಬೇಕೆಂದು ಗಂಗಾಂಬಿಕಾ ಗಂಡನನ್ನು ಕೇಳಿದಳು. ಈ ಸಲ ಬಾಯಿಮಾತಿನಲ್ಲಿ ಕೇಳಲಿಲ್ಲ. ಅಂಗಡಿ ಮುಂದಿನ ಹುಣಸೆ ಮರದಿಂದ ಒಂದು ಚಿಗುರು ಕಿತ್ತು ತಂದು ಅವನ ಅಂಗೈಯಲ್ಲಿಟ್ಟಳು.

“ಈ ಬಣ್ಣ. ಕೆಂಪು ಅಲ್ಲ, ಹಸಿರು ಅಲ್ಲ, ಈ ಬಣ್ಣ. ಯಾರನ್ನೂ ಕೇಳ್ಬ್ಯಾಡ್ರಿ,” ಎಂದಳು.

ನಾನು ಅಲ್ಲೇ ಇದ್ದೆ. ಹುಣಸೆಯ ಎಳೆ ಚಿಗುರನ್ನು ನೋಡಿದವರಿಗೆ ಗೊತ್ತು, ತಾಮ್ರಕ್ಕೆ ನಾಚಿಕೆ ಬಂದ ಹಾಗಿರುತ್ತದೆ. ಅಂಥ ಬಣ್ಣವನ್ನು ಕೇಳಬೇಕೆಂದರೆ ಎಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳೋ ಏನೋ. ಮುರುಗೇಶನಿಗೂ ಅದು ತಟ್ಟಿತು. ಈ ಸಲ ತಪ್ಪಾಗಲು ಸಾಧ್ಯವೇ ಇಲ್ಲ, ಟೆಕ್ನಾಲಜಿ ಇದೆ ಎಂದ. ನಮ್ಮ ಸೀಮೆಯಲ್ಲಿ ಈ ಮಾತು ಹೇಳಿದ ಮೇಲೆ ಏನಾದರೊಂದು ಆಗದೇ ಇದ್ದದ್ದನ್ನು ನಾನು ನೋಡಿಲ್ಲ.

ಅವನು ಚಿಗುರಿನ ಫೋಟೋ ಹಿಡಿದು, ಅದರಿಂದ ಬಣ್ಣವನ್ನು ಹೀರಿ, ಕಂಪ್ಯೂಟರಿನ ಡಿಸೈನ್ ಟೂಲಿನಲ್ಲಿ ಒಂದು ವೇರಿಯಬಲ್ಲಿಗೆ ತುಂಬಿಸಿದ. ಆ ವೇರಿಯಬಲ್ಲನ್ನು ವೆಬ್‌ಸೈಟಿಗೆ ಜೋಡಿಸಿದ್ದನ್ನು ನನಗೆ ತನ್ನ ವೃತ್ತಿಯ ಭಾಷೆಯಲ್ಲಿ ವಿವರಿಸಿದ.

“ಇದು ಡ್ರಮ್ಮು ಅನ್ಕೊ ತೋಟಪ್ಪಣ್ಣ. ಒಳಗೆ ಬಣ್ಣ ಐತೆ. ವೆಬ್‌ಸೈಟಲ್ಲಿ ಎಲ್ಲೆಲ್ಲಿ ಬಣ್ಣ ಬೇಕೋ ಅಲ್ಲೆಲ್ಲ ನಲ್ಲಿ ಇಟ್ಟೀನಿ. ಇಲ್ಲಿ ಡ್ರಮ್ಮಲ್ಲಿ ಬಣ್ಣ ಬದಲಾಯಿಸಿದ್ರೆ ಸಾಕು, ಅಲ್ಲಿ ಮೊಳಕಾಲ್ಮೂರಲ್ಲಿ ಅಷ್ಟೂ ನಲ್ಲೀಲಿ ಅದೇ ಬರ್ತೈತೆ.”

ವಿಡಿಯೋದಲ್ಲಿ ಪಾಠ ಹೇಳುವವರು, ಬೋರ್ಡಿಗೆ ಬೇರೆ, ಬಟನ್ನಿಗೆ ಬೇರೆ, ಸರಕಿಗೆ ಬೇರೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ವೇರಿಯಬಲ್ ಮಾಡಿಕೊಳ್ಳಬೇಕೆಂದು ಮೂರು ಮೂರು ಸಲ ಹೇಳಿದ್ದರಂತೆ. ಎಣ್ಣೆ ವ್ಯಾಪಾರಿಗೆ ಅದು ರುಚಿಸಲಿಲ್ಲ. ಒಂದು ಡ್ರಮ್ಮು ಸಾಕಾಗುವ ಕಡೆ ಹತ್ತು ಡ್ರಮ್ಮು ಇಡುವವನು ವ್ಯಾಪಾರ ಮಾಡಿದ ಹಾಗೇ ಎಂದು ಒಂದೇ ಒಂದನ್ನು ಇಟ್ಟ. ವೆಬ್‌ಸೈಟಿನ ಬೋರ್ಡು, ಬಟನ್ನು, ಅಂಚುಪಟ್ಟಿ ಎಲ್ಲಕ್ಕೂ ಅದರಿಂದಲೇ ನಲ್ಲಿ. ಹೆಂಡತಿಯ ಸೀರೆಯ ಆರ್ಡರಿಗೆಂದು ಒಂದು ಪುಟ ಮಾಡಿ, ಅದರಲ್ಲಿ ‘ನೇಯಬೇಕಾದ ಬಣ್ಣ’ ಎಂಬ ಚೌಕಕ್ಕೂ ಅಲ್ಲಿಂದಲೇ ಒಂದು ನಲ್ಲಿ ಕೊಟ್ಟ. ನಿನ್ನ ಬಣ್ಣವನ್ನೇ ಇಡೀ ವೆಬ್‌ಸೈಟಿಗೆ ಬಳಿದಿದ್ದೇನೆ ಎಂದು ಹೆಂಡತಿಗೆ ತೋರಿಸಿದ. ಆಕೆ ಸ್ವಲ್ಪ ಹೊತ್ತು ನೋಡಿ, ನಕ್ಕು, ಒಳಗೆ ಹೋದಳು. ಅವಳು ಹಾಗೆ ನಕ್ಕಿದ್ದನ್ನು ನೋಡಿದ ನನಗೂ ಖುಷಿಯಾಯಿತು. ಅಲ್ಲಿಗೇ ಅವನು ಕಂಪ್ಯೂಟರ್ ಮುಚ್ಚಿ ಹಿಂಡಿ ತೂಗಲು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಡಿಸೈನರ್ ಆದವನಿಗೆ ಜನ ನಂಬದಿದ್ದರೆ ಊಟ ಸೇರುವುದಿಲ್ಲ. ಇಲ್ಲಿ ಒತ್ತಿದರೆ ಅಲ್ಲಿ ಬದಲಾಗುತ್ತದೆ ಎಂಬ ಪವಾಡವನ್ನು ಎಲ್ಲರಿಗೂ ತೋರಿಸತೊಡಗಿದ. ಮೊದಲು ಸಿಕ್ಕವಳು ಅವನ ಅಕ್ಕ, ಜಯಕ್ಕ. ಜಗತ್ತಿನಲ್ಲಿ ಆಕೆಯ ಒಪ್ಪಿಗೆ ಪಡೆದು ಹುಟ್ಟಿದ ವಸ್ತು ಯಾವುದೂ ಇಲ್ಲ. ವೆಬ್‌ಸೈಟನ್ನು ನೋಡಿ ಇದೇನು ಬಾಡಿದ ಬಣ್ಣವೋ ಎಂದು ಮೂಗು ಮುರಿದಳು. ರಾಣಿ ಗುಲಾಬಿ ಹಾಕಿದರೆ ಲಕ್ಷ್ಮಿ ಬರುತ್ತಾಳೆ ಎಂದಳು. ಮುರುಗೇಶ ಒತ್ತಿದ. ಅವಳ ಕೈಲಿದ್ದ ಮೊಬೈಲಿನಲ್ಲಿ ವೆಬ್‌ಸೈಟು ಗುಲಾಬಿಯಾಯಿತು. ಜಯಕ್ಕನಿಗೆ ತಮ್ಮನ ಬಗ್ಗೆ ಜೀವನದಲ್ಲಿ ಮೊದಲ ಬಾರಿಗೆ ಗೌರವ ಬಂತು. ಅಕ್ಕ ಅಷ್ಟು ಸಂತೋಷಪಟ್ಟ ಮೇಲೆ ಆಕೆ ಹೊಸಿಲು ದಾಟುವ ಮೊದಲೇ ತಿರುಗಿ ಬದಲಾಯಿಸುವುದು ಸರಿಯೇ? ಹಾಗೇ ಬಿಟ್ಟ.

ನಾಲ್ಕಾರು ದಿನ ಕಳೆದ ಮೇಲೆ ಅಂಗಡಿ ಲೈಸೆನ್ಸು ನೋಡಲು ರಾಜಣ್ಣನವರು ಎಂಬ ಅಧಿಕಾರಿ ಬಂದರು. ಲೈಸೆನ್ಸಿನ ಜೊತೆಗೆ ಅವರಿಗೂ ಪವಾಡದ ಪ್ರದರ್ಶನವಾಯಿತು. ರಾಜಣ್ಣನವರು ಕನ್ನಡಕ ಸರಿಮಾಡಿಕೊಂಡು, ಗುಲಾಬಿ ಬಣ್ಣದ ವ್ಯವಹಾರದ ಮೇಲೆ ಸಾರ್ವಜನಿಕರಿಗೆ ವಿಶ್ವಾಸ ಮೂಡುವುದಿಲ್ಲ, ನಮ್ಮ ಕಚೇರಿಯ ಕಡತಗಳೆಲ್ಲ ನೀಲಿ, ಎಂದು ಅಭಿಪ್ರಾಯಪಟ್ಟರು. ಸರ್ಕಾರವೇ ಬಾಯಿಬಿಟ್ಟು ಕೇಳುವಾಗ ಮುರುಗೇಶ ಯಾವ ಲೆಕ್ಕ. ವೆಬ್‌ಸೈಟು ಕಡತದ ನೀಲಿಯಾಯಿತು.

ಆಮೇಲೆ ಹಿಂಡಿ ಕೊಳ್ಳಲು ಸಿದ್ದಾಪುರದ ಪಾತಣ್ಣ ಬಂದ. ಬ್ರಹ್ಮಗಿರಿ ಬಂಡೆಗಳ ಮಗ್ಗುಲಲ್ಲಿ ಕುರಿ ಮೇಯಿಸುವ, ಹೆಗಲ ಮೇಲಿನ ಕರಿ ಕಂಬಳಿಯನ್ನು ಬೇಸಿಗೆಯಲ್ಲೂ ಇಳಿಸದ ಹಿರಿಯ. ಅವನಿಗೆ ವೆಬ್‌ಸೈಟ್ ಬೇಕಾಗಿರಲಿಲ್ಲ, ತೂಕ ಸರಿಯಾಗಿದ್ದರೆ ಸಾಕಾಗಿತ್ತು. ಆದರೂ ಮುರುಗೇಶ ಬಿಡದೆ, ನಿನಗೆ ಯಾವ ಬಣ್ಣ ಇಷ್ಟ ಹೇಳು ಎಂದು ಕಾಡಿದ. ಪಾತಣ್ಣ ತನ್ನ ಕಂಬಳಿಯನ್ನೊಮ್ಮೆ ನೋಡಿಕೊಂಡು, ಕರಿದು ಒಳ್ಳೆಯದು, ಕೊಳೆ ಕಾಣುವುದಿಲ್ಲ ಎಂದ. ವೆಬ್‌ಸೈಟು ಕಪ್ಪಾಯಿತು.

ನನ್ನ ಅಭಿಪ್ರಾಯವನ್ನೂ ಕೇಳಿದ. ಇದನ್ನು ನೋಡಿದರೆ ದೀಪ ಆರಿಸಿದ ಮನೆ ನೆನಪಾಗುತ್ತದೆ, ಸಾಸಿವೆ ಹೂವಿನ ಹಳದಿ ಮಾಡು ಎಂದೆ. ಬಣ್ಣದ ವಿಷಯದಲ್ಲಿ ತಿಳಿದವನೆಂದರೆ ಈ ಬೀದಿಯಲ್ಲಿ ನಾನೊಬ್ಬನೇ, ಹಾಗಾಗಿ ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ಆಗ ಅನ್ನಿಸಿತು.

ಅತ್ತ ಮೊಳಕಾಲ್ಮೂರಿನಲ್ಲಿ ಏನಾಗುತ್ತಿತ್ತು ಎಂಬುದನ್ನು ಜಂಬುಲಿಂಗಪ್ಪನವರಿಗೆ ಸೀರೆ ನೇಯ್ದುಕೊಡುವ ನೇಕಾರ ಶಿವಣ್ಣನ ಹೆಂಡತಿ ಗಂಗಲಕ್ಷ್ಮಿ ಆಮೇಲೆ ನನಗೆ ಹೇಳಿದಳು. ಶಿವಣ್ಣನ ಮನೆತನದಲ್ಲಿ ಒಂದು ಪದ್ಧತಿ. ಸೀರೆ ಹೇಳಿದವರು ಬಣ್ಣಕ್ಕೆ ಮಾದರಿಯಾಗಿ ಏನು ಕೊಡುತ್ತಾರೋ ಅದನ್ನು ಮಗ್ಗದ ತಲೆಯ ಮೇಲೆ ತೂಗುಹಾಕುವುದು. ಬಟ್ಟೆಯ ಚೂರಿರಲಿ, ಬದನೆಕಾಯಿ ಇರಲಿ, ಬೆಳಿಗ್ಗೆ ಎದ್ದು ಅದಕ್ಕೆ ಕೈ ಮುಗಿದು, ಬೆಳಕಿನಲ್ಲಿ ನೋಡಿ, ಆ ದಿನದ ಹೊಕ್ಕಿನ, ಅಂದರೆ ಅಡ್ಡಡ್ಡ ಹೋಗುವ, ನೂಲನ್ನು ಬಣ್ಣಕ್ಕೆ ಅದ್ದುವುದು. ಸೆರಗಿಗೆ ಕೈ ಹಾಕುವ ತನಕ ಸೀರೆಯ ಯಜಮಾನರು ಮಾದರಿಯನ್ನು ಬದಲಿಸಬಹುದು. ಯಾಕೆ ಎಂದು ನೇಕಾರ ಕೇಳಬಾರದು. ಶಿವಣ್ಣನ ತಾತನ ಕಾಲದಿಂದ ಯಾರೂ ಬದಲಿಸಿರಲಿಲ್ಲ, ಅದು ಬೇರೆ ಮಾತು.

ಈ ಸಲ ಮಾದರಿ ಬಂದದ್ದು ಮೊಬೈಲಿನಲ್ಲಿ. ಶಿವಣ್ಣ ಮೊಬೈಲನ್ನೇ ಮಗ್ಗಕ್ಕೆ ತೂಗುಹಾಕಿದ. ಹಾಸಿನ ನೂಲನ್ನೆಲ್ಲ, ಅಂದರೆ ಉದ್ದುದ್ದಕ್ಕೆ ಹೋಗುವುದನ್ನು, ಹುಣಸೆ ಚಿಗುರಿಗೆ ಅದ್ದಿ ಮಗ್ಗಕ್ಕೆ ಏರಿಸಿದ. ಹೊಕ್ಕನ್ನೂ ಅದೇ ಬಣ್ಣಕ್ಕೆ ಅದ್ದಿ ಒಳತುದಿಯಿಂದ ನೇಯಲು ಶುರುಮಾಡಿ ಒಂದು ಗೇಣು ದಾಟಿದ್ದ. ಒಂದು ಬೆಳಿಗ್ಗೆ ಕೈ ಮುಗಿದು ಕಣ್ಣು ಬಿಟ್ಟರೆ ಚೌಕದಲ್ಲಿ ರಾಣಿ ಗುಲಾಬಿ ಕುಳಿತಿತ್ತು.

ಫೋನ್ ಮಾಡಿ ಕೇಳು ಎಂದು ಗಂಗಲಕ್ಷ್ಮಿ ಹೇಳಿದಳಂತೆ. ಶಿವಣ್ಣನಿಗೆ ಅದು ಹುಚ್ಚುಮಾತಾಗಿ ಕಂಡಿತು. ಆರ್ಡರ್ ಕೊಟ್ಟವರು ಯಾರೋ ದಾರಿಹೋಕರಲ್ಲ, ಯಜಮಾನರ ಮನೆಯ ಅಳಿಯಂದಿರು. ಅಳಿಯನನ್ನು ಯಾಕೆ ಎಂದು ಕೇಳಿದ ಮನೆ ಉದ್ಧಾರವಾದದ್ದುಂಟೇ? ಗುಲಾಬಿ ಅದ್ದಿ ನೇಯ್ದ. ಕಡತದ ನೀಲಿ ಬಂದಾಗ ನೀಲಿ ನೇಯ್ದ. ಆದರೆ ಕಪ್ಪು ಬಂದ ದಿನ ಮಾತ್ರ ನೂಲನ್ನು ಅದ್ದದೆ ಕೆಳಗಿಟ್ಟ. ಗೃಹಪ್ರವೇಶಕ್ಕೆ ಉಡುವ ಸೀರೆಗೆ ಯಾರೂ ಕಪ್ಪು ಹೇಳುವುದಿಲ್ಲ. ಮೊಬೈಲನ್ನು ಮಗ್ಗದಿಂದ ಬಿಚ್ಚಿಕೊಂಡು ಜಂಬುಲಿಂಗಪ್ಪನವರ ಅಂಗಡಿಗೆ ಓಡಿದ.

ಜಂಬುಲಿಂಗಪ್ಪನವರಿಗೂ ದಿಗಿಲಾಯಿತು. ಆದರೆ ಅಳಿಯನನ್ನು ನೇರವಾಗಿ ಕೇಳುವ ಹಾಗಿಲ್ಲ, ಬಳಸಿ ಕೇಳಬೇಕು. ಫೋನ್ ಮಾಡಿ ಮಳೆ, ಬೆಳೆ, ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸಿ, ಕೊನೆಗೆ ಮೆಲ್ಲಗೆ ಹೇಳಿದರು.

“ಬಣ್ಣ ನೋಡಿದ್ವಿ, ಅಳಿಯಂದಿರೇ. ದಿನಾ ಒಂದೊಂದು ಬರ್ತೈತೆ.”

ಮಾವನವರು ವೆಬ್‌ಸೈಟನ್ನು ದಿನಾ ನೋಡುತ್ತಿದ್ದಾರೆ ಎಂದು ಮುರುಗೇಶನಿಗೆ ಎದೆ ತುಂಬಿ ಬಂತು. ಆ ಸಂಭಾಷಣೆಯಲ್ಲಿ ಅವನು ಹೇಳಿದ್ದನ್ನು ಗೋಡೆಯಾಚೆ ಕುಳಿತ ನಾನೇ ಕೇಳಿದ್ದೇನೆ.

“ಬದಲಾಗ್ತಾನೇ ಇರ್ಬೇಕು ಮಾವ. ಈಗಿನ ಕಾಲದ ಡಿಸೈನೇ ಹಂಗೆ. ಒಂದೇ ಬಣ್ಣ ಇಟ್ಕೊಂಡು ಕೂತ್ರೆ ಜನ ಹಳೇಕಾಲದೋರು ಅಂತಾರೆ.”

“ಕರಿದು ಸ್ವಲ್ಪ...”

“ಕರಿದು ಹಿರೇರು ಆರಿಸಿದ್ದು ಮಾವ.”

ಹಿರಿಯರು ಎಂದ ಮೇಲೆ ಜಂಬುಲಿಂಗಪ್ಪನವರು ಬಾಯಿ ಮುಚ್ಚಿದರು. ಬೀಗರ ಕಡೆ ಯಾವುದೋ ಹಳೆಯ ಕಟ್ಟಳೆ ಇರಬೇಕು, ದೃಷ್ಟಿ ತಾಕದಿರಲೆಂದು ಕಪ್ಪು ಇಡುತ್ತಾರೇನೋ ಎಂದು ತಮ್ಮಷ್ಟಕ್ಕೆ ಸಮಾಧಾನ ಹುಡುಕಿಕೊಂಡು, ಅಳಿಯಂದಿರು ಹೇಳಿದ ಹಾಗೆ ನಡೆಸು ಎಂದು ಶಿವಣ್ಣನಿಗೆ ಅಪ್ಪಣೆ ಕೊಟ್ಟರು. ಸಿದ್ದಾಪುರದ ಪಾತಣ್ಣನ ಕಂಬಳಿ ಹೀಗೆ ರೇಷ್ಮೆಗೆ ಇಳಿಯಿತು. ಅದರ ಹಿಂದೆಯೇ ನನ್ನ ಸಾಸಿವೆ ಹಳದಿಯೂ ಹೋಯಿತು.

ಉಳಿದದ್ದು ಸೆರಗು. ಸೆರಗಿಗೆ ಕೈ ಹಾಕುವ ಹಿಂದಿನ ಸಂಜೆ ಮುರುಗೇಶ ಒಬ್ಬರಿಗೆ ಎಣ್ಣೆ ಅಳೆದುಕೊಟ್ಟು, ಕೈ ಒರೆಸಿಕೊಳ್ಳದೆ ಕಂಪ್ಯೂಟರ್ ಮುಟ್ಟಿದ. ಹಳದಿಯನ್ನು ತೆಗೆದು ಹೆಂಡತಿಯ ಹುಣಸೆ ಚಿಗುರನ್ನೇ ಮತ್ತೆ ತರೋಣ ಎಂಬ ಒಳ್ಳೆಯ ಬುದ್ಧಿ ಅವನಿಗೆ ಅಂದು ಬಂದಿತ್ತು, ಅದಕ್ಕೆ ನಾನೇ ಸಾಕ್ಷಿ. ಬೆರಳು ಜಾರಿತು. ಬಣ್ಣದ ಚಕ್ರ ತಿರುಗಿ ಎಲ್ಲಿಗೋ ಹೋಗಿ ನಿಂತಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ಚಿಗುರು ಬಂದೇ ಇರುತ್ತದೆ ಎಂದುಕೊಂಡು ಅವನು ಆಮೇಲೆ ತೆರೆದು ನೋಡಲೇ ಇಲ್ಲ. ನಿಂತ ಬಣ್ಣ ಯಾವುದೆಂದು ನೋಡಿದವರು ಯಾರೂ ಇರಲಿಲ್ಲ, ಶಿವಣ್ಣನೊಬ್ಬನನ್ನು ಬಿಟ್ಟು.

ಗೃಹಪ್ರವೇಶದ ಹಿಂದಿನ ದಿನ ನಾವು ಮೊಳಕಾಲ್ಮೂರಿಗೆ ಹೊರಟೆವು. ಸೀರೆಯಲ್ಲಿ ರವಿಕೆ ಬಟ್ಟೆ ಕತ್ತರಿಸಿ ಅಲ್ಲೇ ಹೊಲಿದುಕೊಡಬೇಕೆಂದು ನನ್ನನ್ನೂ ಕರೆದುಕೊಂಡಿದ್ದರು. ತಳಕು ದಾಟಿ ಕೊಂಡ್ಲಹಳ್ಳಿ ಹತ್ತಿರ ಬರುವ ತನಕ ಮುರುಗೇಶ, ಸೀರೆ ನೋಡಿದ ಮೇಲೆ ನೀನು ಏನು ಹೇಳುತ್ತೀಯೋ ನೋಡೋಣ ಎಂದು ಹೆಂಡತಿಯನ್ನು ರೇಗಿಸುತ್ತಲೇ ಇದ್ದ. ಗಂಗಾಂಬಿಕಾ ಕಿಟಕಿಯಾಚೆ ಹುಣಸೆ ಮರಗಳನ್ನು ನೋಡುತ್ತ ಕುಳಿತಿದ್ದಳು. ಚಿಗುರಿನ ಕಾಲ ಮುಗಿದು ಎಲೆಗಳೆಲ್ಲ ಬಲಿತು ಹಸಿರಾಗಿದ್ದವು.

ಹೊಸ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಜಂಬುಲಿಂಗಪ್ಪನವರು, ಅತ್ತೆ ತಿಪ್ಪೇರುದ್ರಮ್ಮ, ನಮಗಿಂತ ಮೊದಲೇ ಬಂದು ತಳವೂರಿದ್ದ ಜಯಕ್ಕ, ಬಾಗಿಲ ಬಳಿ ಗಂಗಲಕ್ಷ್ಮಿ. ಶಿವಣ್ಣ ಸೀರೆಯನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಲಿ ತಂದು ಮಡಿಕೆ ಬಿಡಿಸಿದ.

ನಾನು ಸೀರೆಗಳ ನಡುವೆ ಬದುಕಿದವನು, ಅಂಥದ್ದನ್ನು ಕಂಡಿರಲಿಲ್ಲ. ಸಂತೆಯಲ್ಲಿ ಐದಾರು ಅಂಗಡಿಗಳ ಪೆಂಡಾಲು ಒಂದಕ್ಕೊಂದು ಹೊಲಿದುಕೊಂಡ ಹಾಗಿತ್ತು. ಸೆರಗಂತೂ ಸಾಕ್ಷಾತ್ ಸಗಣಿಯ ಬಣ್ಣ, ಅದರ ಮೇಲೆ ಜರಿಯ ನವಿಲುಗಳು ಮೇಯುತ್ತಿದ್ದವು.

ತಿಪ್ಪೇರುದ್ರಮ್ಮನವರೇ ಮೊದಲು ಬಾಯಿ ತೆರೆದು, ಇದು ಒಂದು ಸೀರೆಯೋ ಹಲವೋ ಎಂದು ಕೇಳಿದರು. ಶಿವಣ್ಣ ವಿನಯದಿಂದ, ಅಳಿಯಂದಿರು ದಿನಾ ಬಣ್ಣ ಕಳಿಸುತ್ತಿದ್ದರು, ಒಂದು ದಿನವೂ ತಪ್ಪಿಸದೆ ನೇಯ್ದಿದ್ದೇನೆ ಎಂದ. ಮುರುಗೇಶ ತಾನು ಕಳಿಸಿಯೇ ಇಲ್ಲ ಎಂದು ಎದ್ದುನಿಂತ. ಶಿವಣ್ಣ ಮೊಬೈಲು ತೆಗೆದು ಆರ್ಡರಿನ ಪುಟವನ್ನು ತೋರಿಸಿದ. ಚೌಕದಲ್ಲಿ ಸಗಣಿ ಬಣ್ಣವಿತ್ತು. ಮೇಲೆ ಬೋರ್ಡೂ ಸಗಣಿ, ಬಟನ್ನೂ ಸಗಣಿ. ತನ್ನ ಒಂದು ಡ್ರಮ್ಮು ಎಲ್ಲೆಲ್ಲಿ ಸುರಿದಿದೆ ಎಂಬುದು ಮುರುಗೇಶನಿಗೆ ಆಗ ಹೊಳೆಯಿತು.

ಮುಳುಗುವವನು ಹುಲ್ಲುಕಡ್ಡಿ ಹಿಡಿಯುವ ಹಾಗೆ ತನ್ನ ಮೊಬೈಲ್ ತೆಗೆದ. ಈಗಲೇ ಸರಿ ಮಾಡುತ್ತೇನೆ ಎಂದು ಡ್ರಮ್ಮಿಗೆ ಹುಣಸೆ ಚಿಗುರನ್ನು ತುಂಬಿ ಒತ್ತಿದ. ಶಿವಣ್ಣನ ಮೊಬೈಲಿನಲ್ಲಿ ಚೌಕ ಹುಣಸೆ ಚಿಗುರಾಯಿತು. ಸುಳ್ಳು ಹೇಳಬಾರದು, ಆಗ ನಾವೆಲ್ಲರೂ, ಜಂಬುಲಿಂಗಪ್ಪನವರೂ ಸೇರಿ, ಬದಲಾಯಿತೇನೋ ಎಂದು ಒಂದು ಕ್ಷಣ ಸೀರೆಯ ಕಡೆ ನೋಡಿದೆವು.

ಗಂಗಾಂಬಿಕಾ ಒಬ್ಬಳು ನೋಡಲಿಲ್ಲ. ಆಕೆ ಚಾಪೆಯ ಮೇಲೆ ಮಂಡಿಯೂರಿ ಸೀರೆಯನ್ನು ಸೆರಗಿನಿಂದ ಹಿಂದಕ್ಕೆ, ಪುಸ್ತಕದ ಹಾಳೆ ತಿರುವಿದಂತೆ ತಿರುವುತ್ತ ಹೋದಳು. ದಿನಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡವಳಲ್ಲವೇ, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದು ಎಣ್ಣೆ ಕೈಯಿಂದ ಬಂದಿದ್ದು,” ಎಂದಳು ಸೆರಗು ಮುಟ್ಟಿ. ಹಳದಿ ಪಟ್ಟಿ ಬಂದಾಗ ನನ್ನ ಕಡೆ ನೋಡಿದಳು, ನಾನು ಸೂಜಿ ಹುಡುಕತೊಡಗಿದೆ. “ಇದು ಪಾತಣ್ಣಂದು. ಇದು ರಾಜಣ್ಣೋರದು. ಇದು ಅತ್ತಿಗೇದು.”

ಜಯಕ್ಕ, ತನ್ನದೇ ಎಲ್ಲದಕ್ಕಿಂತ ಎದ್ದು ಕಾಣುತ್ತದೆ ಎಂದಳು.

“ನಂದೆಲ್ಲಿ?” ಎಂದು ಗಂಗಾಂಬಿಕಾ ಕೇಳಿದಳು.

ಸೀರೆ ಮುಗಿಯುತ್ತ ಬಂದು, ಕೊನೆಯ ಮಡಿಕೆಯಲ್ಲಿ, ಉಡುವಾಗ ಸೊಂಟಕ್ಕೆ ಮೊದಲು ಸಿಗಿಸುವ ಆ ಒಳತುದಿಯಲ್ಲಿ ಸಿಕ್ಕಿತು. ಒಂದು ಗೇಣಿಗಿಂತ ಚೂರು ಹೆಚ್ಚು ಹುಣಸೆ ಚಿಗುರು. ಹಾಸೂ ಅದೇ ಹೊಕ್ಕೂ ಅದೇ ಆದ್ದರಿಂದ ಅಷ್ಟು ಜಾಗ ಮಾತ್ರ ಕಿತ್ತು ತಂದಾಗಿನ ಚಿಗುರಿನ ಹಾಗೇ ಇತ್ತು. ಆಕೆ ಅದರ ಮೇಲೆ ಅಂಗೈಯಿಟ್ಟಳು. ಉಟ್ಟರೆ ಹೊಟ್ಟೆಯ ಮೇಲೆ, ಎಲ್ಲ ನೆರಿಗೆಗಳ ಅಡಿಯಲ್ಲಿ ಹೋಗುವ ಜಾಗ, ಯಾರ ಕಣ್ಣಿಗೂ ಬೀಳುವುದಲ್ಲ.

ಶಿವಣ್ಣನಿಗೆ ತಡೆಯಲಾಗಲಿಲ್ಲ. “ಅಕ್ಕಾ, ಹಾಸು ಪೂರ್ತಿ ನಿಮ್ದೇ ಐತೆ. ಈ ತುದಿಯಿಂದ ಆ ತುದಿ ತನಕ.”

“ಹಾಸು ಯಾರಿಗೆ ಕಾಣ್ತೈತೆ ಶಿವಣ್ಣ,” ಎಂದು ಆಕೆ ಸೀರೆಯನ್ನು ಮಡಿಸಿದಳು. ಈ ಸಲ ಚೆನ್ನಾಗಿದೆ ಎಂಬ ಮಾತು ಬರಲಿಲ್ಲ. ಆ ಮಾತನ್ನು ಕೇಳಿ ಕೇಳಿ ರೂಢಿಯಾಗಿದ್ದ ಮುರುಗೇಶ, ಅದು ಬರದೇ ಇದ್ದಾಗಲೇ ಅದರ ಭಾರ ತಿಳಿದವನ ಹಾಗೆ ಗೋಡೆಗೆ ಒರಗಿ ಕುಳಿತುಬಿಟ್ಟ. ನನಗೂ ಸಂಕಟವಾಯಿತು.

ಅಂಗಡಿಯಿಂದ ಬೇರೆ ಸೀರೆ ತರಿಸುತ್ತೇನೆ, ರಾಶಿ ಬಿದ್ದಿವೆ ಎಂದು ಜಂಬುಲಿಂಗಪ್ಪನವರು ಅಂದರು. ಗಂಗಾಂಬಿಕಾ ಬೇಡವೆಂದಳು. ರವಿಕೆ ಏನು ಮಾಡಲಿ ಎಂದು ನಾನು ಹೆದರುತ್ತಲೇ ಕೇಳಿದೆ. ಆಕೆ ಟ್ರಂಕಿನಿಂದ ತಂದಿದ್ದ ಹಳೆಯದೊಂದು ಸಾದಾ ರವಿಕೆ ಇದೆ, ಅದೇ ಸಾಕು ಎಂದಳು. ಟೈಲರನ ಜೀವನದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮರುದಿನ ಬೆಳಿಗ್ಗೆ ಹಾಲು ಉಕ್ಕಿತು, ಹೋಮ, ಪೂಜೆ ಮುಗಿದವು. ಮಡಲಕ್ಕಿಗೆ ಮಗಳನ್ನು ಕರೆಯಿರಿ ಎಂದರು. ನಡುಮನೆಯ ತುಂಬ ಮೊಳಕಾಲ್ಮೂರಿನ ಹೆಂಗಸರು, ಅಂದರೆ ಕತ್ತಲಲ್ಲಿ ಮುಟ್ಟಿದರೂ ರೇಷ್ಮೆಯ ಕುಲಗೋತ್ರ ಹೇಳುವವರು. ಜಯಕ್ಕ ಅವರಿಗೆಲ್ಲ ಗುಲಾಬಿ ಪಟ್ಟಿ ತಾನು ಆರಿಸಿದ್ದು ಎಂದು ಮುಂಚಿತವಾಗಿಯೇ ತಿಳಿಸಿಟ್ಟಿದ್ದಳು. ಮುರುಗೇಶ ಕಂಬದ ಹಿಂದೆ ನಿಂತಿದ್ದ.

ಗಂಗಾಂಬಿಕಾ ಬಂದಳು. ಅದೇ ಸೀರೆ. ಆದರೆ ಮೊದಲು ಕಂಡದ್ದು ಗುಲಾಬಿಯೂ ಅಲ್ಲ, ಕಡತದ ನೀಲಿಯೂ ಅಲ್ಲ. ಹೆಗಲ ಮೇಲಿಂದ ಎದೆಯ ಮುಂದಕ್ಕೆ ಹುಣಸೆ ಚಿಗುರು ಇಳಿದಿತ್ತು. ಆಕೆ ಸೀರೆಯನ್ನು ಹಿಂದುಮುಂದಾಗಿ ಉಟ್ಟಿದ್ದಳು. ಸಗಣಿ ಬಣ್ಣದ ಸೆರಗು, ಅದರ ಮೇಲೆ ಮೇಯುತ್ತಿದ್ದ ಜರಿಯ ನವಿಲುಗಳ ಸಮೇತ, ಸೊಂಟದ ಒಳಗೆ ಸಿಕ್ಕಿಕೊಂಡು ಕಾಣೆಯಾಗಿತ್ತು. ನನ್ನ ಹಳದಿ, ಪಾತಣ್ಣನ ಕಪ್ಪು ಎಲ್ಲ ನೆರಿಗೆಯೊಳಗೆ ಒಂದರ ಬೆನ್ನಿಗೊಂದು ಮಡಚಿಕೊಂಡಿದ್ದವು. ಜಯಕ್ಕನ ಗುಲಾಬಿ ಬೆನ್ನ ಹಿಂದೆ ಹೋಗಿತ್ತು.

ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ತಿಪ್ಪೇರುದ್ರಮ್ಮ ಅಕ್ಕಿಯ ಮೊರ ಹಿಡಿದು ಮಗಳೆದುರು ಬಂದವರು, ಜರಿಯಿಲ್ಲದ ಆ ತುದಿಯನ್ನು ನೋಡಿ ಅಲ್ಲೇ ನಿಂತರು.

“ಸೆರಗು ಎಲ್ಲೇ?” ಎಂದರು ಮೆಲ್ಲಗೆ.

“ಇದೇ ಅವ್ವ ಸೆರಗು,” ಎಂದು ಗಂಗಾಂಬಿಕಾ ಆ ಒಂದು ಗೇಣನ್ನು ಎರಡೂ ಕೈಲಿ ಮುಂದೆ ಒಡ್ಡಿದಳು. “ಉಳಿದಿದ್ದೆಲ್ಲ ಊರಿನೋರದು. ಒಳಗೆ ಸಿಗಿಸೀನಿ.”

ತಿಪ್ಪೇರುದ್ರಮ್ಮ ಮಗಳ ಮುಖ ನೋಡಿದರು, ಕಂಬದ ಹಿಂದಿನ ಅಳಿಯನನ್ನು ನೋಡಿದರು. ಆಮೇಲೆ ಹುಣಸೆ ಚಿಗುರಿನೊಳಗೆ ಅಕ್ಕಿ ಸುರಿದರು. ಜಾಗ ಚಿಕ್ಕದಾದ್ದರಿಂದ ಸ್ವಲ್ಪ ಚೆಲ್ಲಿತು. ಕೊಬ್ಬರಿ ಬಿತ್ತು, ಬೆಲ್ಲ ಬಿತ್ತು. ಆ ಬಣ್ಣವನ್ನು ಅಲ್ಲಿದ್ದ ಪ್ರತಿಯೊಬ್ಬಳೂ ನೋಡಿದಳು. ಮುರುಗೇಶ ಅಳುತ್ತಿದ್ದ, ಹೋಮದ ಹೊಗೆ ಎಂದ. ಹೋಮದ ಹೊಗೆ ಆಗಲೇ ಆರಿತ್ತು.

ಆಮೇಲೆ ಒಂದಿಬ್ಬರು ಹೆಂಗಸರು ಇಂಥದೇ ಪಟ್ಟಿ ಸೀರೆ ತಮಗೂ ಬೇಕೆಂದು ಶಿವಣ್ಣನನ್ನು ಕೇಳಿದರಂತೆ. ಅವನು ಆಗುವುದಿಲ್ಲ, ಅದಕ್ಕೆ ಇಂಥ ಅಳಿಯಂದಿರೇ ಬೇಕು ಎಂದು ಕೈಮುಗಿದ.

ಚಳ್ಳಕೆರೆಗೆ ಬಂದ ಮುರುಗೇಶ ಅಂಗಡಿಯ ಬೋರ್ಡಿನ ಕೆಳಸಾಲನ್ನು ತಾನೇ ಬಣ್ಣ ಬಳಿದು ಅಳಿಸಿದ. ವಿಡಿಯೋದವರ ಮಾತನ್ನು ಈ ಸಲ ಶ್ರದ್ಧೆಯಿಂದ ಕೇಳಿ ಮಾವನ ವೆಬ್‌ಸೈಟಿಗೆ ಬೋರ್ಡಿಗೊಂದು, ಬಟನ್ನಿಗೊಂದು ಎಂದು ಬೇರೆ ಬೇರೆ ಡ್ರಮ್ಮು ಇಟ್ಟ. ಎಲ್ಲಕ್ಕಿಂತ ಕೆಳಗೆ ‘ಗಂಗಾಂಬಿಕಾ’ ಎಂಬ ಹೆಸರಿನ ಒಂದು ಡ್ರಮ್ಮು, ಅದರೊಳಗೆ ಹುಣಸೆ ಚಿಗುರು. ಅದಕ್ಕೆ ಒಂದೂ ನಲ್ಲಿ ಇರಲಿಲ್ಲ. ನಲ್ಲಿಯಿಲ್ಲದ ಡ್ರಮ್ಮಿನಿಂದ ಏನು ಪ್ರಯೋಜನವಪ್ಪ ಎಂದು ನಾನು ಕೇಳಿದೆ.

“ಇರ್ಲಿ ಬಿಡು ತೋಟಪ್ಪಣ್ಣ. ಅದನ್ನ ಯಾರ್ಗೂ ತೋರ್ಸಲ್ಲ,” ಎಂದ.

ಈ ವರ್ಷ ಹುಣಸೆ ಚಿಗುರುವ ಹೊತ್ತಿಗೆ ಅವನೊಬ್ಬನೇ ಮೊಳಕಾಲ್ಮೂರಿಗೆ ಹೋಗಿ ಬಂದ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೆ ಕಿವುಡನ ಹಾಗೆ ಕೂತಿದ್ದನಂತೆ. ಮೊಬೈಲು ಮುಟ್ಟದೆ, ಜೇಬಿನಲ್ಲಿದ್ದ ಚಿಗುರನ್ನೇ ಶಿವಣ್ಣನ ಮಗ್ಗಕ್ಕೆ ಕಟ್ಟಿ, ಬಾಡಿದಾಗಲೆಲ್ಲ ಹೊಸದನ್ನು ಕಟ್ಟಲು ಹೇಳಿ ಬಂದಿದ್ದ. ಯುಗಾದಿಯ ಬೆಳಿಗ್ಗೆ ಗಂಗಾಂಬಿಕಾ ಹೊಸ ಸೀರೆ ಉಟ್ಟು ಹೊರಗೆ ಬಂದಳು. ಈ ತುದಿಯಿಂದ ಆ ತುದಿಗೆ ಹುಣಸೆ ಚಿಗುರು, ಸೆರಗು ಸೆರಗಿನ ಜಾಗದಲ್ಲೇ ಇತ್ತು. ನಾನು ಮರದ ಕೆಳಗೆ ನಿಂತು ಚಿಗುರನ್ನೂ ಸೀರೆಯನ್ನೂ ನೋಡಿದೆ, ಒಂದು ಎಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಗಂಡಸರ ಬಗ್ಗೆ ನಾನು ಕೋರ್ಟಿನಲ್ಲಿ ಹೇಳಬೇಕೆಂದಿದ್ದ ಮಾತನ್ನು ಅವತ್ತಿನ ಮಟ್ಟಿಗೆ ವಾಪಸು ತೆಗೆದುಕೊಂಡೆ.

ಅಷ್ಟರಲ್ಲಿ ಹಬ್ಬಕ್ಕೆಂದು ಜಯಕ್ಕ ಬಂದಳು. ತಮ್ಮನ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಲೇ ಮುರುಗ, ಯಾಕೋ ಮಂಕಾಗೈತಲ್ಲೋ ಇದು. ರಾಣಿ ಗುಲಾಬಿ ಆಗಿದ್ರೆ ಹೆಂಗಿರ್ತಿತ್ತು ಹೇಳು,” ಎಂದಳು.

ಮುರುಗೇಶ ಹೌದು ಎನ್ನಲು ಬಾಯಿ ತೆರೆದ. ಜನ್ಮದ ರೂಢಿ, ಬಾಯಿ ತಾನಾಗಿಯೇ ತೆರೆಯಿತು. ಗಂಗಾಂಬಿಕಾ ತಟ್ಟೆ ಹಿಡಿದು ಅವನ ಕಡೆ ನೋಡಿದಳು. ಅವನು ತಟ್ಟೆಯಿಂದ ಒಂದು ಹಿಡಿ ಬೇವು ಬೆಲ್ಲ ತೆಗೆದು ಆ ತೆರೆದ ಬಾಯಿಗೆ ಹಾಕಿಕೊಂಡ. ಬೇವೇ ಹೆಚ್ಚಾಗಿತ್ತು, ಕಣ್ಣಲ್ಲಿ ನೀರು ಬಂತು. ಆದರೂ ಅಕ್ಕ ಎದ್ದು ಹೋಗುವ ತನಕ ಅಗಿಯುತ್ತಲೇ ಇದ್ದ.